ಗುಮ್ಮಟದ ಮರಿಗಳನ್ನು ಹುಡುಕುತ್ತಾ: ಕಾಕಾನ ಜೊತೆ ಮುಂಬೈಯಲ್ಲಿ ಮೂರು ದಿನ

ಹೊರಡುವ ಮುಂಚೆ

ನಮ್ಮ ಕಾಕಾ 40 ವರ್ಷ ಗೌಂಡಿ ಕೆಲಸ ಮಾಡಿದವರು. ವಿಜಯಪುರದ ಅವರ ಮನೆಯ ಮಾಳಿಗೆ ಹತ್ತಿದರೆ ಗೋಳಗುಮ್ಮಟ ಎದುರಿಗೇ ಕಾಣುತ್ತದೆ. ದಿನಾ ಬೆಳಗ್ಗೆ ಚಹಾ ಕಪ್ಪು ಹಿಡಿದು ಅಲ್ಲೇ ನಿಲ್ಲುತ್ತಾರೆ. ಗುಮ್ಮಟ ಅಂದರೆ ಅವರಿಗೆ ಒಂಥರಾ ಮನೆಯ ಹಿರಿಯ. ಅದರ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಸಿಟ್ಟು ಬರುತ್ತದೆ.

ದೀಪಾವಳಿಗೆ ಊರಿಗೆ ಹೋದಾಗ ಸುಮ್ನೆ ಮಾತಿಗೆ ಹೇಳಿದೆ. "ಕಾಕಾ, ಮುಂಬೈ ಮ್ಯೂಸಿಯಂ ಮ್ಯಾಲಿನ ಗುಮ್ಮಟ ನಮ್ಮದನ್ನ ನೋಡಿ ಮಾಡಿದ್ದಂತ್ರಿ."

"ಯಾಂವ ಮಾಡಿದಾಂವ?"

"ಜಾರ್ಜ್ ವಿಟೆಟ್ ಅಂತ. ಸ್ಕಾಟ್‌ಲೆಂಡಿನಾಂವ."

ಕಾಕಾ ಕಪ್ಪು ಕೆಳಗಿಟ್ಟರು. "ನಡಿ ಹಂಗಾರ, ನೋಡೇ ಬರೂಣು. ಹೆಂಗ ನಕಲ ಹೊಡದಾನ ಅಂತ ಕಣ್ಣಾರೆ ನೋಡಬೇಕು."

ಹೋಗುವ ಮುಂಚೆ ನಾನು ಒಂದಿಷ್ಟು ಓದಿಕೊಂಡೆ. ವಿಟೆಟ್ ಹುಟ್ಟಿದ್ದು 1878ರಲ್ಲಿ, ಬ್ಲೇರ್ ಅಥಾಲ್ ಎಂಬ ಊರಲ್ಲಿ. ಮುಂಬೈಗೆ ಬಂದದ್ದು 1904ರಲ್ಲಿ. ಆಗ ಮುಂಬೈ ಸರ್ಕಾರಕ್ಕೆ ಜಾನ್ ಬೆಗ್ ಅನ್ನೋರು ವಾಸ್ತುಶಿಲ್ಪಿ. ವಿಟೆಟ್ ಅವರ ಸಹಾಯಕ. ಬೆಗ್ ಭಾರತ ಸರ್ಕಾರದ ಹುದ್ದೆಗೆ ಹೋದ ಮೇಲೆ ಆ ಕುರ್ಚಿ ವಿಟೆಟ್‌ಗೆ ಬಂತು. ಆಮೇಲೆ ದಕ್ಷಿಣ ಮುಂಬೈಯಲ್ಲಿ ಅವನ ಕೈ ಬೀಳದ ಬೀದಿ ಹುಡುಕೋದೇ ಕಷ್ಟ ಅನ್ನುವಷ್ಟು ಕೆಲಸ ಮಾಡಿದ. ಇನ್ನೊಂದು ವಿಷಯ. ಆ ಕಾಲಕ್ಕೆ ನಮ್ಮ ವಿಜಯಪುರವೂ ಮುಂಬೈ ಪ್ರಾಂತ್ಯದ್ದೇ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರುವ ತನಕ ನಮ್ಮ ಅಜ್ಜಂದಿರ ರಾಜಧಾನಿ ಮುಂಬೈಯೇ. ಹಾಗಾಗಿ ಗೋಳಗುಮ್ಮಟ ಆ ಸಾಹೇಬರಿಗೆ ಎಲ್ಲೋ ದೂರದ ದೇಶದ್ದಲ್ಲ, ಅವರದೇ ಆಡಳಿತದ ಒಂದು ಜಿಲ್ಲೆಯದು.

ಕಾಕೂ ಒಂದು ಚೀಲ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಜನವರಿಯ ಒಂದು ಸಂಜೆ ರೈಲು ಹತ್ತಿದೆವು.

ಮೊದಲನೇ ದಿನ

ಬೆಳಗ್ಗೆ ಇನ್ನೂ ಕತ್ತಲಿರುವಾಗಲೇ ಸಿಎಸ್‌ಎಂಟಿಯಲ್ಲಿ ಇಳಿದೆವು. ಹೊರಗೆ ಬಂದ ಕಾಕಾ ನಿಲ್ದಾಣದ ಕಟ್ಟಡ ನೋಡಿ ಅಲ್ಲೇ ನಿಂತುಬಿಟ್ಟರು. "ಇದು ನಮ್ಮಾಂವಂದಲ್ಲ ಕಾಕಾ, ಬ್ಯಾರೆಯವರದು" ಅಂತ ಎಳೆದುಕೊಂಡು ಹೋಗಬೇಕಾಯಿತು. ಅಲ್ಲೇ ನಿಂತಿದ್ದರೆ ಮೂರು ದಿನ ಅದಕ್ಕೇ ಸಾಲುತ್ತಿರಲಿಲ್ಲ.

ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಗಲ್ಲಾದಲ್ಲಿ ಕೂತವರು ಕುಂದಾಪುರದ ಕಡೆಯವರು. ಕಾಕಾನ ಕನ್ನಡ ಅವರಿಗೆ, ಅವರ ಕನ್ನಡ ಕಾಕಾಗೆ, ಅರ್ಧರ್ಧ ತಿಳಿಯಿತು. ಆದರೂ ಇಬ್ಬರೂ ಹತ್ತು ನಿಮಿಷ ಮಾತಾಡಿದರು.

ಸಿಎಸ್‌ಎಂಟಿ ಪಕ್ಕದಲ್ಲೇ ಜಿಪಿಓ, ಅಂದರೆ ದೊಡ್ಡ ಅಂಚೆ ಕಚೇರಿ. ಇದು 1913ರಲ್ಲಿ ಮುಗಿದದ್ದು. ವಿನ್ಯಾಸ ಜಾನ್ ಬೆಗ್ ಅವರದು, ವಿಟೆಟ್ ಆಗ ಅವರ ಕೈಕೆಳಗಿದ್ದ. ನಮ್ಮ ಗುಮ್ಮಟದ ಮೊದಲನೇ ಮರಿ ಇದೇ ಅನ್ನಬಹುದು. ನಡುವೆ ಗುಮ್ಮಟ, ಮೂಲೆಗಳಲ್ಲಿ ಗೋಪುರ. ವಿಜಯಪುರದವರಿಗೆ ದೂರದಿಂದಲೇ ಗುರುತು ಹತ್ತುತ್ತದೆ. ಜಾತ್ರೆಯಲ್ಲಿ ಯಾರೋ ನಮ್ಮ ಅಣ್ಣನ ಅಂಗಿ ಹಾಕಿಕೊಂಡು ಓಡಾಡುತ್ತಿದ್ದಂಗೆ.

ಒಳಗೆ ಹೋದೆವು. ಗುಮ್ಮಟದ ಕೆಳಗಿನ ದೊಡ್ಡ ಹಾಲ್‌ನಲ್ಲೇ ಕೌಂಟರುಗಳು. ಜನ ರಿಜಿಸ್ಟರ್ಡ್ ಪೋಸ್ಟಿಗೆ ಸಾಲಾಗಿ ನಿಂತಿದ್ದರು. ನಾನು ಒಂದು ಪತ್ರಕ್ಕೆ ಸ್ಟಾಂಪ್ ಅಂಟಿಸುತ್ತಿದ್ದೆ. ಹಿಂದಿನಿಂದ ಒಂದು ದೊಡ್ಡ ದನಿ ಬಂತು.

"ಹೋಯ್!"

ಕಾಕಾ. ತಲೆ ಎತ್ತಿ ಮೇಲೆ ನೋಡುತ್ತಾ ಕಿವಿಗೊಟ್ಟು ನಿಂತಿದ್ದಾರೆ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮೂರಲ್ಲಿ ಹುಟ್ಟಿದವರಿಗೆ ಗುಮ್ಮಟ ಕಂಡರೆ ಕೂಗಬೇಕು. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಸಲ ಕೂಗಿದರೆ ಏಳೆಂಟು ಸಲ ವಾಪಸ್ ಬರುವುದನ್ನು ಕೇಳುತ್ತಲೇ ದೊಡ್ಡವರಾದವರು.

"ಮಾತಾಡವಲ್ದಲ್ಲೋ ಇದು" ಅಂದರು ಕಾಕಾ, ಬೇಸರದಿಂದ.

ಮಧ್ಯಾಹ್ನ ಬಲ್ಲಾರ್ಡ್ ಎಸ್ಟೇಟಿಗೆ ಹೋದೆವು. ಜಿಪಿಓದಿಂದ ನಡೆದೇ ಹೋಗಬಹುದು. ಇಡೀ ಪ್ರದೇಶ ಮೊದಲು ಸಮುದ್ರ. ಅಲೆಕ್ಸಾಂಡ್ರಾ ಡಾಕ್ ಅನ್ನೋ ಹಡಗುಕಟ್ಟೆ ಅಗೆದಾಗ ಬಂದ ಮಣ್ಣನ್ನು ಇಲ್ಲಿ ಸುರಿದು 22 ಎಕರೆ ಹೊಸ ನೆಲ ಮಾಡಿದರು. ಅದರ ಮೇಲೆ 1914ರಿಂದ 1918ರ ನಡುವೆ ಹಡಗು ಕಂಪನಿಗಳಿಗೆ, ವ್ಯಾಪಾರದ ಕಚೇರಿಗಳಿಗೆ ಅಂತ ಒಂದು ಬಡಾವಣೆಯನ್ನೇ ಎಬ್ಬಿಸಿದರು. ಹೆಸರು ಬಂದದ್ದು ಮುಂಬೈ ಪೋರ್ಟ್ ಟ್ರಸ್ಟ್ ಶುರು ಮಾಡಿದ ಕರ್ನಲ್ ಬಲ್ಲಾರ್ಡ್‌ನಿಂದ. ವಿಟೆಟ್ ಇಲ್ಲಿ ಕೆಲವು ಕಟ್ಟಡದ ನಕ್ಷೆ ತಾನೇ ಬರೆದ. ಬೇರೆಯವರು ಕಟ್ಟುವುದಕ್ಕೂ ಎತ್ತರ ಇಷ್ಟೇ, ಮುಖ ಹೀಗೇ ಇರಬೇಕು ಅಂತ ಕಟ್ಟುನಿಟ್ಟು ಮಾಡಿದ.

ಇಲ್ಲಿ ಒಂದು ಗುಮ್ಮಟ ಇಲ್ಲ, ಕಲ್ಲಲ್ಲಿ ಕೊರೆದ ಜಾಲಿ ಕಿಟಕಿ ಇಲ್ಲ, ಗೋಡೆಯಿಂದ ಚಾಚಿದ ಛಜ್ಜಾ ಇಲ್ಲ. ಲಂಡನ್ನಿನ ಒಂದು ಓಣಿಯನ್ನು ಎತ್ತಿ ತಂದು ಇಟ್ಟ ಹಾಗಿದೆ. ನನಗೆ ಮೊದಲು ಅಷ್ಟೇನೂ ಹಿಡಿಸಲಿಲ್ಲ. ಗುಮ್ಮಟ ನೋಡಲು ಬಂದವನಿಗೆ ಇದೇನು ಅಂತ. ಆದರೆ ಕಾಕಾ ರಸ್ತೆ ನಡುವೆ ನಿಂತು, ಒಂದು ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ ಅಳೆಯುತ್ತಿದ್ದರು.

"ನೋಡಿಲ್ಲೆ. ಆ ಬಿಲ್ಡಿಂಗಿನ ಸೂರು, ಈ ಬಿಲ್ಡಿಂಗಿನ ಸೂರು, ಅದರ ಮುಂದಿಂದು. ದಾರ ಹಿಡದಂಗ ಐತಿ. ಹತ್ತು ಮಾಲಕರನ್ನ ಒಂದ ದಾರಕ್ಕ ತರೂದಂದ್ರ ಗುಮ್ಮಟ ಕಟ್ಟೂಕಿಂತ ತ್ರಾಸು. ನಮ್ಮ ಓಣ್ಯಾಗ ಇಬ್ಬರನ್ನ ತರಾಕ ಆಗಲಿಲ್ಲ ನನ್ನ ಕೈಲೆ."

ಆಮೇಲೆ ನಾನೂ ಕಟ್ಟಡಗಳನ್ನು ಒಂದೊಂದಾಗಿ ನೋಡೋದು ಬಿಟ್ಟು ಬೀದಿಯನ್ನು ನೋಡಿದೆ. ಮರಗಳ ನೆರಳು, ಅಗಲ ಫುಟ್‌ಪಾತು, ಎರಡೂ ಕಡೆ ಒಂದೇ ಮಟ್ಟದ ಕಲ್ಲಿನ ಗೋಡೆ. ಮುಂಬೈಯಲ್ಲಿ ಆ ದಿನ ನಮಗೆ ಯಾರೂ ಡಿಕ್ಕಿ ಹೊಡೆಯದ ಜಾಗ ಅದೊಂದೇ.

ರಾತ್ರಿ ಲಾಡ್ಜಿನಲ್ಲಿ ಫ್ಯಾನ್ ಓಡಲಿಲ್ಲ. ಜನವರಿ ಆದ್ದರಿಂದ ಬಚಾವ್.

ಎರಡನೇ ದಿನ

ಬಂದ ಕೆಲಸ ಇವತ್ತು. ಈಗ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಅಂತ ಹೆಸರು. ಹಳಬರು ಇನ್ನೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಅಂತಲೇ ಅನ್ನುತ್ತಾರೆ. ಅಡಿಗಲ್ಲು ಬಿದ್ದದ್ದು 1905ರಲ್ಲಿ, ಮುಂದೆ ಐದನೇ ಜಾರ್ಜ್ ಆದ ಯುವರಾಜನ ಕೈಯಿಂದ. 1909ರಲ್ಲಿ ವಿನ್ಯಾಸಕ್ಕೆ ಸ್ಪರ್ಧೆ ನಡೆದು ವಿಟೆಟ್‌ಗೆ ಕೆಲಸ ಸಿಕ್ಕಿತು. ಕಟ್ಟಡ ಎದ್ದು ನಿಲ್ಲುವಷ್ಟರಲ್ಲಿ ಮೊದಲ ಮಹಾಯುದ್ಧ. ಮ್ಯೂಸಿಯಂ ಆಗಬೇಕಿದ್ದದ್ದು ಮಿಲಿಟರಿ ಆಸ್ಪತ್ರೆ ಆಯಿತು. ಕೊನೆಗೆ ಬಾಗಿಲು ತೆರೆದದ್ದು 1922ರ ಜನವರಿ 10ಕ್ಕೆ.

ಗೇಟಿನೊಳಗೆ ಕಾಲಿಟ್ಟ ತಕ್ಷಣ ತೋಟದ ಹಿಂದೆ ಗುಮ್ಮಟ. ಕಾಕಾ ಏನೂ ಮಾತಾಡಲಿಲ್ಲ. ಚಪ್ಪಲಿ ಸರಿಮಾಡಿಕೊಂಡು ನಿಧಾನ ನಡೆದರು. ನನಗೆ ಹೆಣ್ಣು ನೋಡಲು ಹೋದ ಮನೆಯ ನೆನಪಾಯಿತು. ಹಿರಿಯರು ಏನನ್ನುತ್ತಾರೋ ಅಂತ ಎಲ್ಲರೂ ಕಾಯುತ್ತಾ ಇರುತ್ತಾರಲ್ಲ, ಹಾಗೆ.

ಗುಮ್ಮಟ ಬಿಳಿ ಮತ್ತು ನೀಲಿ ಚುಕ್ಕೆಯದು. ಅದರ ಬುಡದಲ್ಲಿ ತಾವರೆ ಎಸಳು. ನಮ್ಮೂರ ಗುಮ್ಮಟಗಳೆಲ್ಲ ಹೀಗೇ ಎಸಳಿನ ನಡುವಿಂದ ಮೊಗ್ಗಿನ ಹಾಗೆ ಏಳುತ್ತವೆ. ಕಾಕಾ ಬೆರಳೆತ್ತಿ ತೋರಿಸಿದ್ದು ಮೊದಲು ಅದನ್ನೇ. "ಎಸಳ ಬಿಟ್ಟಿಲ್ಲ ನೋಡು. ಇದನ್ನ ಬಿಟ್ಟಿದ್ದರ ಬೋಗುಣಿ ಬೋರಲ ಹಾಕಿದಂಗ ಕಾಣ್ತಿತ್ತು."

ಸುತ್ತ ಸಣ್ಣ ಸಣ್ಣ ಗುಮ್ಮಟಗಳ ಗುಂಪು, ಮುಂದೆ ಚಾಚಿದ ಬಾಲ್ಕನಿಗಳು, ಜಾಲಿ. ಇಲ್ಲಿ ಬಿಜಾಪುರ ಒಂದೇ ಇಲ್ಲ. ಮೊಗಲರದ್ದಿದೆ, ಮರಾಠರ ವಾಡೆಯದ್ದಿದೆ, ಒಳಗೆ ಜೈನ ಬಸದಿಯ ಕಂಬದ ಚಾಳಿಯೂ ಇದೆ. ಕಲ್ಲು ಎರಡು ಬಣ್ಣ. ಬೂದಿಬಣ್ಣದ್ದು ಕುರ್ಲಾದ ಬಸಾಲ್ಟ್, ಹಳದಿಯದು ಮಲಾಡಿನದು. ಈಗ ಲೋಕಲ್ ಟ್ರೈನಿನಲ್ಲಿ ಕುರ್ಲಾ, ಮಲಾಡ್ ಅಂತ ಕೂಗಿದರೆ ಕಲ್ಲಿನ ಗಣಿ ಯಾರಿಗೂ ನೆನಪಾಗಲ್ಲ ಬಿಡಿ. ಕಾಕಾ ಅಂಗೈಯಿಂದ ಗೋಡೆ ಸವರಿ, ಎರಡು ಕಲ್ಲಿನ ಸಂದಿಯಲ್ಲಿ ಉಗುರು ಹಾಕಲು ನೋಡಿದರು. ಹೋಗಲಿಲ್ಲ. ಮುಖ ಅರಳಿತು.

ಒಳಗೆ ನಡು ಹಾಲ್. ತಲೆ ಎತ್ತಿದರೆ ಮೇಲೆ ಗುಮ್ಮಟದ ಹೊಟ್ಟೆ, ಸುತ್ತ ಮಹಡಿಯ ಪಡಸಾಲೆ, ಹಳೇ ಮರದ ಕಂಬ ಕಮಾನುಗಳು. ಕಾಕಾ ಉಸಿರು ಎಳೆದುಕೊಳ್ಳುವುದು ಕಂಡಿತು. ನಾನು ಓಡಿ ಹೋಗಿ ಕೈ ಹಿಡಿದೆ. "ಬ್ಯಾಡ್ರಿ ಕಾಕಾ, ಇಲ್ಲಿ ಕೂಗಬಾರದು." ಅವರು ನನ್ನನ್ನು ಕೆಕ್ಕರಿಸಿ ನೋಡಿ, ಮೆಲ್ಲಗೆ ಚಿಟಿಕೆ ಹೊಡೆದರು. ಒಂದೇ ಒಂದು ಚಿಟಿಕೆ. ಆಮೇಲೆ ತಲೆ ಆಡಿಸಿದರು.

ಹೊರಗೆ ಹುಲ್ಲಿನ ಪಕ್ಕ ಕಟ್ಟೆ ಮೇಲೆ ಕೂತು ರೊಟ್ಟಿ ಬಿಚ್ಚಿದಾಗ ನನ್ನ ಅಭಿಪ್ರಾಯ ಹೇಳಿದೆ. ಗೋಳಗುಮ್ಮಟದಲ್ಲಿ ಗುಮ್ಮಟವೇ ಕಟ್ಟಡ. ನಾಲ್ಕು ಗೋಡೆ, ಒಂದಕ್ಕೊಂದು ಹೆಣೆದ ಎಂಟು ಕಮಾನು, ಅದರ ಮೇಲೆ ಒಳಗೇ ಸುಮಾರು 38 ಮೀಟರ್ ಅಗಲದ ಗುಮ್ಮಟ. ನಡುವೆ ಒಂದು ಕಂಬ ಇಲ್ಲ. ಅದನ್ನು ತೆಗೆದರೆ ಅಲ್ಲಿ ಏನೂ ಉಳಿಯಲ್ಲ. ಇಲ್ಲಿ ಹಾಗಲ್ಲ. ಮೂರು ಅಂತಸ್ತಿನ ಕೋಣೆಗಳ ಕಟ್ಟಡ, ಅದರ ತಲೆ ಮೇಲೆ ಒಂದು ಗುಮ್ಮಟ. "ಅಂದ್ರ ಕಾಕಾ, ವಿಟೆಟ್ ಟೋಪಿ ಹಾಕ್ಯಾನ."

ಕಾಕಾ ರೊಟ್ಟಿ ಮುರಿಯುತ್ತಾ ನಕ್ಕರು. "ಯಾರಿಗೆ ಹಾಕ್ಯಾನೋ ಟೋಪಿ? ನಮಗೋ, ಕಟ್ಟಡಕ್ಕೋ?"

"ಕಟ್ಟಡಕ್ಕ."

"ಹಂಗಾರ ತಪ್ಪೇನೈತಿ? ಅದು ಗೋರಿ. ಸುಲ್ತಾನ ಒಬ್ಬಾಂವ ಮಲಗಾಕ ಅಷ್ಟು ದೊಡ್ಡ ಒಂದ ಕೋಲಿ ಬೇಕಿತ್ತು. ಇಲ್ಲಿ ಸಾವಿರ ಮೂರ್ತಿ ಇಡಬೇಕು, ಮಂದಿ ಅಡ್ಡಾಡಬೇಕು, ಗಾಳಿ ಬೆಳಕ ಬೇಕು. ಟೋಪಿ ಹಾಕಿದರೂ ತಲಿಗೆ ಸರಿಯಾಗಿ ಕುಂತೈತಿ. ಅದು ಮುಖ್ಯ."

ನಾನು ವಾದ ಮುಂದುವರಿಸಲಿಲ್ಲ. ಆದರೆ ಒಪ್ಪಲೂ ಇಲ್ಲ. ನಮ್ಮ ಗುಮ್ಮಟ ಮೈಮೇಲೆ ಬಂದಂತೆ ನಿಲ್ಲುತ್ತದೆ, ಸ್ವಲ್ಪ ಭಯ ಹುಟ್ಟಿಸುತ್ತದೆ. ಇದು ಚೆಂದ, ಅಷ್ಟೇ. ಭಯ ಇಲ್ಲ.

ಗೇಟು ದಾಟಿ ರೀಗಲ್ ಸರ್ಕಲ್ಲಿಗೆ ಬಂದೆವು. ಈ ಪ್ರವಾಸದಲ್ಲಿ ನನಗೆ ನಿಜವಾಗಿ ಬೆರಗಾದ ಜಾಗ ಇದು. ಈಚೆ ಮ್ಯೂಸಿಯಂ. ಅದರ ಹತ್ತಿರದಲ್ಲೇ ಇನ್ಸ್ಟಿಟ್ಯೂಟ್ ಆಫ್ ಸೈನ್ಸ್. ಇದೂ ವಿಟೆಟ್‌ದೇ. 1911ರಲ್ಲಿ ಅಡಿಗಲ್ಲು, 1920ರಲ್ಲಿ ಮುಗಿದದ್ದು. ಎರಡೂ ಸರಿಸುಮಾರು ಒಂದೇ ವರ್ಷಗಳಲ್ಲಿ, ಒಂದೇ ಆಫೀಸಿನ ಮೇಜಿನ ಮೇಲೆ ಪಕ್ಕಪಕ್ಕ ಹಾಳೆಯಲ್ಲಿ ಇದ್ದವು. ಅದಕ್ಕೆ ಬಿಜಾಪುರದ ಟೋಪಿ, ಇದಕ್ಕೆ ಯುರೋಪಿನ ಕೋಟು. ವಿಜ್ಞಾನ ಕಲಿಸುವ ಮನೆಗೆ ಯುರೋಪಿನ ರೆನೆಸಾನ್ಸ್ ಶೈಲಿ, ಹಳೇ ಮೂರ್ತಿ ಇಡುವ ಮನೆಗೆ ಸುಲ್ತಾನರ ಶೈಲಿ. ಗಿರಾಕಿ ನೋಡಿ ಬಟ್ಟೆ ಹೊಲಿಯುವ ದರ್ಜಿ ಇದ್ದಂಗೆ. ಹೊಸದು ಅವರದು, ಹಳೇದು ನಮ್ಮದು ಅನ್ನುವ ಲೆಕ್ಕ ಅದರಲ್ಲಿ ಇತ್ತೇ? ಇತ್ತು ಅಂತಲೇ ನನಗೆ ಅನ್ನಿಸಿತು. ಸ್ವಲ್ಪ ಚುಚ್ಚಿತು ಕೂಡ.

ಆದರೂ ಕಟ್ಟಡ ಮಾತ್ರ ಸೊಗಸು. ಮಲಾಡಿನ ಹಳದಿ ಕಲ್ಲಿನ ಮೈ, ಬಾಗಿದ ಮುಂಭಾಗ. ಹೋಮಿ ಭಾಭಾ ಕೇಂಬ್ರಿಜ್‌ಗೆ ಹೋಗುವ ಮುಂಚೆ ಇಲ್ಲಿ ಓದಿದ್ದರು. ಇದನ್ನು ಕಟ್ಟಲು ದುಡ್ಡು ಕೊಟ್ಟವರು ಪಾರ್ಸಿ, ಯಹೂದಿ, ಖೋಜಾ, ಗುಜರಾತಿ ಸಾಹುಕಾರರು. ಅವರಲ್ಲಿ ಕಾವಸ್ಜಿ ಜಹಾಂಗೀರ್ ಹೆಸರಿನ ಸಭಾಂಗಣ ಮೂಲೆಯಲ್ಲೇ ಇದೆ. ಈಗ ಅದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಅಂದಹಾಗೆ ಬೆಂಗಳೂರಿನ ಟಾಟಾ ಇನ್ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಗೋಪುರದ ಕಟ್ಟಡವೂ ಮುಂಬೈಯವರದೇ ವಿನ್ಯಾಸ, ಆದರೆ ವಿಟೆಟ್‌ದಲ್ಲ, ಸ್ಟೀವನ್ಸ್ ಕಂಪನಿಯದು. ಆ ಸ್ಟೀವನ್ಸ್‌ನ ತಂದೆಯೇ ನಾವು ನಿನ್ನೆ ಇಳಿದ ಸಿಎಸ್‌ಎಂಟಿ ಮಾಡಿದವರು. ಇದನ್ನು ಹೇಳಿದರೆ ಕಾಕಾ, "ಅವರೂ ಗೌಂಡ್ಯಾರ ಮನಿತನಾನ ಅನ್ನು" ಅಂದರು.

ಸಂಜೆ ಗೇಟ್‌ವೇ ಆಫ್ ಇಂಡಿಯಾ. ವಿಟೆಟ್ ಮಾಡಿದ್ದರಲ್ಲಿ ಎಲ್ಲರೂ ಫೋಟೊ ತೆಗೆಸಿಕೊಳ್ಳುವುದು ಇದರ ಮುಂದೆ. 1911ರಲ್ಲಿ ಐದನೇ ಜಾರ್ಜ್ ಮತ್ತು ರಾಣಿ ಮೇರಿ ಇಲ್ಲಿ ಇಳಿದರು ಅನ್ನುವುದರ ನೆನಪಿಗೆ ಕಟ್ಟಿದ್ದು. ಅವರು ಇಳಿದ ದಿನ ಇದ್ದದ್ದು ಮಾತ್ರ ರಟ್ಟಿನ ಕಮಾನು! 1913ರಲ್ಲಿ ಅಡಿಗಲ್ಲು, 1914ರಲ್ಲಿ ವಿಟೆಟ್‌ನ ನಕ್ಷೆಗೆ ಒಪ್ಪಿಗೆ, ಆಮೇಲೆ ಸಮುದ್ರ ತುಂಬಿ ನೆಲ ಮಾಡಿಕೊಳ್ಳಲು ವರ್ಷಗಟ್ಟಲೆ. ಬಾಗಿಲು ತೆರೆದದ್ದು 1924ರ ಡಿಸೆಂಬರ್ 4ಕ್ಕೆ. ರಾಜ ಬಂದು ಹೋಗಿ 13 ವರ್ಷ ಆಗಿತ್ತು. ಸರ್ಕಾರಿ ಕೆಲಸ ಆಗಲೂ ಹಾಗೇ.

ಎತ್ತರ 26 ಮೀಟರ್. ಹಳದಿ ಬಸಾಲ್ಟ್ ಕಲ್ಲು, ಜೊತೆಗೆ ಆರ್‌ಸಿಸಿ. ಇಲ್ಲಿನ ಮಾದರಿ ಬಿಜಾಪುರದ್ದಲ್ಲ, 16ನೇ ಶತಮಾನದ ಗುಜರಾತಿನದು. ಆರ್‌ಸಿಸಿ ಅಂದದ್ದೇ ಕಾಕಾಗೆ ಕಿವಿ ನೆಟ್ಟಗಾಯಿತು. ಕಲ್ಲಿನ ಮೈಯೊಳಗೆ ಕಾಂಕ್ರೀಟು, ಅದೂ ನೂರು ವರ್ಷದ ಹಿಂದೆ, ಸಮುದ್ರದ ಉಪ್ಪು ಗಾಳಿಯ ಎದುರಿಗೆ. ಸುತ್ತು ಹಾಕಿ ಹಾಕಿ ಬಿರುಕು ಹುಡುಕಿದರು. ಹಿಂದೆ ಬಲೂನು ಮಾರುವ ಹುಡುಗ, ಮುಂದೆ ಫೋಟೊಗ್ರಾಫರು, ನಡುವೆ ಧೋತರ ಉಟ್ಟ ನಮ್ಮ ಕಾಕಾ ಇನ್ಸ್‌ಪೆಕ್ಷನ್ ಮಾಡುತ್ತಿದ್ದಾರೆ.

ಒಂದು ಊನ ಅವರೇ ಕಂಡುಹಿಡಿದರು. "ರಸ್ತಾ ಸೊಟ್ಟ ಐತೇನೋ, ಕಮಾನ ಸೊಟ್ಟ ಐತೇನೋ?" ನಿಜ. ಬರುವ ರಸ್ತೆಗೂ ಕಮಾನಿಗೂ ನೇರ ಇಲ್ಲ, ಓರೆ. ನೇರಕ್ಕೆ ಒಂದು ದೊಡ್ಡ ರಸ್ತೆ ಮಾಡುವ ಯೋಚನೆ ಇತ್ತು. ದುಡ್ಡು ಮುಗಿಯಿತು. ರಸ್ತೆ ಆಗಲೇ ಇಲ್ಲ. ಹಾಗಾಗಿ ಇದರ ಮುಖ ಸರಿಯಾಗಿ ನೋಡಬೇಕಾದರೆ ದೋಣಿ ಹತ್ತಬೇಕು. ಒಂದು ಸುತ್ತು ಹೊಡೆಸುವ ದೋಣಿ ಹತ್ತಿದೆವು. ನೀರಿನ ಮೇಲಿಂದ ಕಂಡಾಗ ಅದು ಸೊಟ್ಟ ಇರಲಿಲ್ಲ. ಬರುವವರಿಗಾಗಿ ಕಟ್ಟಿದ ಬಾಗಿಲಿನಿಂದಲೇ 1948ರ ಫೆಬ್ರವರಿ 28ಕ್ಕೆ ಬ್ರಿಟಿಷರ ಕೊನೆಯ ಪಡೆ ಹೊರಗೆ ನಡೆದು ಹಡಗು ಹತ್ತಿತು. ಅದನ್ನು ಕೇಳಿ ಕಾಕಾ ದೋಣಿಯಲ್ಲಿ ಎದ್ದು ನಿಂತು, ಕೊನೆಗೂ, ಯಾರ ಹಂಗಿಲ್ಲದೆ ಕೂಗಿದರು. "ಹೋಯ್!" ದೋಣಿಯವನೂ ಸೇರಿಕೊಂಡ.

ಮೂರನೇ ದಿನ

ಕಾಲು ನೋಯುತ್ತಿದ್ದವು, ಹಾಗಾಗಿ ಕಡಿಮೆ ಓಡಾಟ. ಬೆಳಗ್ಗೆ ಫೋರ್ಟ್‌ನ ಬಾಂಬೆ ಹೌಸ್ ಹೊರಗಿನಿಂದ ನೋಡಿದೆವು. ವಿಟೆಟ್ 1919ರಲ್ಲಿ ಸರ್ಕಾರಿ ನೌಕರಿ ಬಿಟ್ಟು ಟಾಟಾ ಬಳಿ ಸೇರಿದ. 1924ರ ಈ ಕಟ್ಟಡ ಟಾಟಾ ಸಂಸ್ಥೆಗಳ ಮುಖ್ಯ ಕಚೇರಿ. ಒಂದು ಗತ್ತಿನ, ಜಾಸ್ತಿ ಮಾತಾಡದ ಕಟ್ಟಡ. ಬೀದಿನಾಯಿಗಳಿಗೆ ಒಳಗೆ ಜಾಗ ಇದೆ ಅನ್ನೋದು ಮುಂಬೈಯವರಿಗೆಲ್ಲ ಗೊತ್ತು. ಧೋಬಿ ತಲಾವ್ ಹತ್ತಿರ ಸ್ಮಾಲ್ ಕಾಸಸ್ ಕೋರ್ಟು ಕೂಡ ಅವನದೇ. ಬಾಡಿಗೆ ಜಗಳಗಳ ಕೋರ್ಟು. ಟ್ಯಾಕ್ಸಿಯಿಂದಲೇ ನೋಡಿ ಮುಂದೆ ಹೋದೆವು.

ಕೊನೆಗೆ ಪರೇಲ್‌ನ ಕೆಇಎಂ ಆಸ್ಪತ್ರೆ, ಅದರ ಜೊತೆಗಿರುವ ಸೇಠ್ ಜಿಎಸ್ ಮೆಡಿಕಲ್ ಕಾಲೇಜು. ಇವೂ ವಿಟೆಟ್‌ನವೇ. ಕಾಲೇಜಿಗೆ ದಾನ ಕೊಟ್ಟವರು ಒಂದು ಷರತ್ತು ಹಾಕಿದ್ದರು. ಇಲ್ಲಿ ಕಲಿಸುವ ಡಾಕ್ಟರುಗಳು ಭಾರತೀಯರೇ ಆಗಿರಬೇಕು, ಸರ್ಕಾರಿ ನೌಕರರಾಗಿರಬಾರದು. ಬ್ರಿಟಿಷ್ ವಾಸ್ತುಶಿಲ್ಪಿ ಕಟ್ಟಿದ ಮನೆಯಲ್ಲಿ ಬ್ರಿಟಿಷರಿಗೆ ಪಾಠದ ಕೆಲಸ ಇಲ್ಲ! ಆಸ್ಪತ್ರೆ ಶುರುವಾದದ್ದು 1926ರಲ್ಲಿ. ಅದೇ ವರ್ಷ ವಿಟೆಟ್ ಭೇದಿಯ ಕಾಯಿಲೆಯಿಂದ ಮುಂಬೈಯಲ್ಲೇ ತೀರಿಕೊಂಡ. ಐವತ್ತು ತುಂಬಿರಲಿಲ್ಲ. ಮಣ್ಣು ಮಾಡಿದ್ದು ಇಲ್ಲಿಂದ ದೂರವೇನೂ ಇಲ್ಲದ ಶಿವಡಿಯ ಸ್ಮಶಾನದಲ್ಲಿ.

ಇಲ್ಲಿ ಗುಮ್ಮಟ ನೋಡಲು ಯಾರೂ ತಲೆ ಎತ್ತುವುದಿಲ್ಲ. ಉದ್ದನೆಯ ಪಡಸಾಲೆ, ಅದರ ತುಂಬ ಜನ. ಗೋಡೆಗೆ ಒರಗಿ ಕೂತವರು, ಚಾದರ ಹಾಸಿ ಮಲಗಿದವರು, ಎಕ್ಸ್‌ರೇ ಕವರು ಹಿಡಿದು ಓಡುವವರು. ನೂರು ವರ್ಷದಿಂದ ಬೆನ್ನು ತಾಗಿ ತಾಗಿ ಕಲ್ಲು ನುಣ್ಣಗಾಗಿದೆ. ಕಾಕಾ ಅದನ್ನು ಮುಟ್ಟಿ ನೋಡಿದರು. ಉಳಿ ಹಾಕಿದರೂ ಇಷ್ಟು ನುಣುಪು ಬರಲ್ಲ ಅಂದರು.

ಅಷ್ಟರಲ್ಲಿ ಒಬ್ಬ ಹುಡುಗ ಬಂದು ಮುರುಕು ಮರಾಠಿಯಲ್ಲಿ ಏನೋ ಕೇಳಿದ. ಎರಡು ಮಾತಿಗೇ ಕಾಕಾಗೆ ಗೊತ್ತಾಯಿತು.

"ಕನ್ನಡದಾಗ ಮಾತಾಡೋ ತಮ್ಮಾ. ಯಾವೂರು?"

"ಇಂಡಿ ತಾಲೂಕಿನವ್ರಿ. ಅವ್ವನ್ನ ತೋರಿಸಾಕ ಬಂದೀನ್ರಿ. ಕೇಸ್ ಪೇಪರ್ ಎಲ್ಲಿ ಮಾಡಸಬೇಕೋ ತಿಳಿವಲ್ದು."

ನನಗೂ ಗೊತ್ತಿರಲಿಲ್ಲ, ಕಾಕಾಗೂ ಗೊತ್ತಿರಲಿಲ್ಲ. ಆದರೆ ಕಾಕಾ ಮೂರು ದಿನ ವಿಟೆಟ್‌ನ ಕಟ್ಟಡಗಳಲ್ಲಿ ಅಡ್ಡಾಡಿದ ಧೈರ್ಯದ ಮೇಲೆ, "ಬಾ, ಇಲ್ಲೇ ಇರತೈತಿ" ಅಂತ ಹೊರಟರು. ಎರಡು ಸಲ ತಪ್ಪು ಬಾಗಿಲಿಗೆ ಹೋಗಿ ಮೂರನೇ ಸಲಕ್ಕೆ ಸಿಕ್ಕಿತು. ಹುಡುಗ ಸಾಲಿನಲ್ಲಿ ನಿಂತ. ನಾವು ಅವರವ್ವನ ಪಕ್ಕ ಪಡಸಾಲೆಯ ಬೆಂಚಿನ ಮೇಲೆ ಕೂತೆವು. ಕಾಕಾ ಚೀಲದಲ್ಲಿ ಉಳಿದಿದ್ದ ನಾಲ್ಕು ರೊಟ್ಟಿ, ಚಟ್ನಿಯ ಡಬ್ಬಿ ಅವರ ಕೈಗೆ ಕೊಟ್ಟರು. ಆಕೆ ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಬಾಯಿಗಿಡುವ ಮುಂಚೆ ಕೇಳಿದರು.

"ನಿಮ್ಮ ಮನಿ ಎಲ್ಲಿ ಬರತೈತ್ರಿ ಯಣ್ಣಾ?"

"ಬಿಜಾಪುರದಾಗವಾ. ಗುಮ್ಮಟದ ಬಾಜೂಕ."